ಊರಿನವರದೇ ಸೌರ ಘಟಕ: ಸಹಕಾರ ಸಂಘವೊಂದು ಅದನ್ನು ಕಟ್ಟಿ ಉಳಿಸಿಕೊಳ್ಳುವ ಬಗೆ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡಿರುವ ಸೌರ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವ್ಯಾಟ್. ಅಲ್ಲಿನ ರೈತರು ಜಮೀನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆಯ ಕರಾರಿನ ಮೇಲೆ ಗುತ್ತಿಗೆಗೆ ಕೊಟ್ಟರು. ಮಳೆಯನ್ನು ನೆಚ್ಚಲಾಗದ ಸೀಮೆಯಲ್ಲಿ ಇದು ಸಣ್ಣ ಆದಾಯವಲ್ಲ. ಆದರೂ ಅದು ಬಾಡಿಗೆ. ಯಂತ್ರವಾಗಲಿ ವಿದ್ಯುತ್ ಮಾರಾಟದ ಲಾಭವಾಗಲಿ ರೈತರದಲ್ಲ. ಕೊಯಮತ್ತೂರು ಜಿಲ್ಲೆಯ ಓಡಂತುರೈ ಗ್ರಾಮ ಪಂಚಾಯತಿ ಹಿಡಿದ ದಾರಿ ಬೇರೆ. ಅದು 2006ರಲ್ಲಿ ತನ್ನ ಉಳಿತಾಯಕ್ಕೆ ಬ್ಯಾಂಕ್ ಸಾಲ ಕೂಡಿಸಿ, ಸುಮಾರು ಒಂದೂವರೆ ಕೋಟಿ ರೂಪಾಯಿಗೆ 350 ಕಿಲೋವ್ಯಾಟ್‌ನ ಗಾಳಿಯಂತ್ರವನ್ನು ತಾನೇ ಕೊಂಡಿತು. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯಲ್ಲಿ 2016ರಲ್ಲಿ ಆರು ಮಂದಿ ರೈತರು ಸೌರ ಪಂಪುಗಳ ಸಹಕಾರಿ ಮಂಡಳಿ ಕಟ್ಟಿ, ನೀರೆತ್ತಿ ಮಿಕ್ಕ ವಿದ್ಯುತ್ತನ್ನು ಯೂನಿಟ್ಟಿಗೆ 4.63 ರೂಪಾಯಿಯಂತೆ ವಿತರಣಾ ಕಂಪನಿಗೆ 25 ವರ್ಷ ಮಾರುವ ಒಪ್ಪಂದ ಮಾಡಿಕೊಂಡರು. ನಮ್ಮ ರಾಜ್ಯಕ್ಕೂ ಸಹಕಾರಿ ವಿದ್ಯುತ್ ಹೊಸದೇನಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಿಂದ ವಿತರಣೆಯ ಕೆಲಸದಲ್ಲಿದೆ.

ನಿಮ್ಮ ಊರಿನ ಹಾಲು ಉತ್ಪಾದಕರ ಸಂಘ ಅಥವಾ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಇಂಥದ್ದೊಂದು ಘಟಕ ಕಟ್ಟಲು ಮನಸ್ಸು ಮಾಡಿದರೆ, ಕೆಲಸವನ್ನು ಪ್ಯಾನೆಲ್‌ನಿಂದಲ್ಲ, ಕರೆಂಟು ಬಿಲ್ಲಿನಿಂದ ಆರಂಭಿಸಬೇಕು. ಕರ್ನಾಟಕದಲ್ಲಿ ಇದಕ್ಕೆ ವಿಶೇಷ ಕಾರಣವಿದೆ. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಡಿ 200 ಯೂನಿಟ್‌ವರೆಗೆ ಮನೆಯ ವಿದ್ಯುತ್ ಉಚಿತವಾಗಿದೆ. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೂ ಬಿಲ್ಲಿಲ್ಲ. ಬಿಲ್ಲೇ ಬಾರದ ಮನೆಯವರಿಗೆ ಸೌರ ವಿದ್ಯುತ್ತಿನಿಂದ ಬಿಲ್ಲು ಇಳಿಯುತ್ತದೆ ಎಂದು ಹೇಳಿ ಷೇರು ಕೇಳಿದರೆ ಯಾರೂ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಬಿಲ್ಲು ಬರುವುದು ಹಾಲಿನ ಡೇರಿಯ ಶೀತಲೀಕರಣ ಘಟಕಕ್ಕೆ, ಸಂಘದ ಗೋದಾಮು ಮತ್ತು ಹಿಟ್ಟಿನ ಗಿರಣಿಗೆ, ಪಂಚಾಯತಿಯ ಕುಡಿಯುವ ನೀರಿನ ಪಂಪುಗಳಿಗೆ, ಬೀದಿ ದೀಪಗಳಿಗೆ. ಇವುಗಳ ಒಂದು ವರ್ಷದ ಬಿಲ್ಲುಗಳನ್ನು ಆರ್‌ಆರ್ ನಂಬರ್‌ವಾರು, ಅಂದರೆ ಒಂದೊಂದು ಸಂಪರ್ಕದ ಗುರುತಿನ ಸಂಖ್ಯೆಯ ಪ್ರಕಾರ, ಹಚ್ಚಿ, ಪ್ರತಿ ತಿಂಗಳ ಯೂನಿಟ್, ಮಂಜೂರಾದ ಲೋಡ್, ನಿಗದಿತ ಶುಲ್ಕ, ಯೂನಿಟ್ ದರ ಎಂಬ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸೌರ ವಿದ್ಯುತ್ ಎಷ್ಟೇ ಬಂದರೂ ನಿಗದಿತ ಶುಲ್ಕ ಉಳಿದೇ ಉಳಿಯುತ್ತದೆ. ಆದ್ದರಿಂದ ಉಳಿತಾಯದ ಲೆಕ್ಕದಲ್ಲಿ ಅದನ್ನು ಸೇರಿಸಿಕೊಳ್ಳಬಾರದು.

ಬಳಕೆಯ ಹೊತ್ತನ್ನೂ ಗುರುತಿಸಬೇಕು. ಡೇರಿಗೆ ಹಾಲು ಬರುವುದು ಬೆಳಿಗ್ಗೆ ಮತ್ತು ಸಂಜೆ, ಕಂಪ್ರೆಸರ್ ಜೋರಾಗಿ ಓಡುವುದೂ ಆಗಲೇ, ಆದರೆ ಬಿಸಿಲು ಏರುವುದು ನಡುಮಧ್ಯಾಹ್ನ. ಈ ಅಂತರವನ್ನು ತುಂಬುವುದು ನೆಟ್ ಮೀಟರಿಂಗ್: ಮಧ್ಯಾಹ್ನ ಹೆಚ್ಚಾದದ್ದು ಗ್ರಿಡ್‌ಗೆ, ಅಂದರೆ ವಿದ್ಯುತ್ ಕಂಪನಿಯ ಜಾಲಕ್ಕೆ, ಹೋಗುತ್ತದೆ, ಸಂಜೆ ಬೇಕಾದದ್ದು ಗ್ರಿಡ್‌ನಿಂದ ಬರುತ್ತದೆ, ಎರಡೂ ದಿಕ್ಕಿನ ಲೆಕ್ಕವನ್ನು ಒಂದೇ ಮೀಟರ್ ಇಡುತ್ತದೆ. ತಿಂಗಳ ಕೊನೆಗೆ ಮಿಕ್ಕದ್ದಕ್ಕೆ ಸಿಗುವ ದರವನ್ನು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಪಡಿಸುತ್ತದೆ, ಮತ್ತು ಅದು ಸಾಮಾನ್ಯವಾಗಿ ನೀವು ಕೊಳ್ಳುವ ದರಕ್ಕಿಂತ ಕಡಿಮೆ. ಹೀಗಾಗಿ ಸ್ವಂತ ಬಳಕೆಗಿಂತ ದೊಡ್ಡ ಘಟಕ ಕಟ್ಟಿ ಮಾರಾಟದ ಮೇಲೆ ಆಸೆ ಇಡುವುದು ಮೊದಲ ಹೆಜ್ಜೆಗೆ ತಕ್ಕದ್ದಲ್ಲ. ಕುಡಿಯುವ ನೀರಿನ ಪಂಪಿಗೆ ಈ ತೊಡಕೇ ಇಲ್ಲ, ಓವರ್‌ಹೆಡ್ ಟ್ಯಾಂಕ್ ತುಂಬಿಸುವ ಹೊತ್ತನ್ನು ವಾಟರ್‌ಮನ್ ಮಧ್ಯಾಹ್ನಕ್ಕೆ ಬದಲಿಸಿಕೊಂಡರೆ ಸಾಕು.

ಠರಾವು ಮಾಡುವ ಮೊದಲೇ ಸದಸ್ಯರಿಗೆ ಬಿಡಿಸಿ ಹೇಳಬೇಕಾದ ಒಂದು ಮಾತಿದೆ. ಪ್ಯಾನೆಲ್‌ನ ವಿದ್ಯುತ್ತನ್ನು ಬಳಕೆಗೆ ತಕ್ಕಂತೆ ಮಾರ್ಪಡಿಸುವ, ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಇನ್‌ವರ್ಟರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲೆಂದು ಅದನ್ನು ಹಾಗೆಯೇ ಮಾಡಿದ್ದಾರೆ. ಬ್ಯಾಟರಿ ಇಲ್ಲದೆ ಪವರ್ ಕಟ್ ಹೊತ್ತಿನಲ್ಲಿ ಸೌರ ಘಟಕ ಉಪಯೋಗಕ್ಕೆ ಬರುವುದಿಲ್ಲವಾದ್ದರಿಂದ ಡೇರಿಯ ಡೀಸೆಲ್ ಜನರೇಟರ್ ಇದ್ದಲ್ಲೇ ಇರಲಿ.

ಇನ್ನು ಹಣದ ಲೆಕ್ಕ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಘಟಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್, ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಮುಸುಕಿದಾಗ ಇಳಿಯುತ್ತದೆ, ಮಲೆನಾಡಿನಲ್ಲಿ ಇನ್ನೂ ಇಳಿಯುತ್ತದೆ. ಉದಾಹರಣೆಗೆ 20 ಕಿಲೋವ್ಯಾಟ್‌ನ ಘಟಕಕ್ಕೆ ಸುಮಾರು 2,000 ಚದರ ಅಡಿ ನೆರಳಿಲ್ಲದ ಛಾವಣಿ ಬೇಕು. ಕಿಲೋವ್ಯಾಟ್‌ಗೆ 50,000 ರೂಪಾಯಿ ಎಂದು ಹಿಡಿದರೆ ವೆಚ್ಚ 10 ಲಕ್ಷ. ಯೂನಿಟ್ಟಿಗೆ 7 ರೂಪಾಯಿ ಉಳಿಯುತ್ತದೆಂದರೆ 28,000 ಯೂನಿಟ್ಟಿಗೆ ವರ್ಷಕ್ಕೆ 1.96 ಲಕ್ಷ. ಬಡ್ಡಿ ಬಿಟ್ಟರೆ ಐದು ವರ್ಷಕ್ಕೆ ಅಸಲು ಹುಟ್ಟುತ್ತದೆ, ಸಾಲದ ಬಡ್ಡಿ ಸೇರಿದರೆ ಇನ್ನಷ್ಟು ವರ್ಷ ಹಿಡಿಯುತ್ತದೆ. ಈ ಅಂಕಿಗಳ ಜಾಗದಲ್ಲಿ ನಿಮ್ಮ ಬಿಲ್ಲಿನ ದರವನ್ನೂ ಕೈಗೆ ಬಂದ ಕೊಟೇಶನ್ನಿನ ಮೊತ್ತವನ್ನೂ ಹಾಕಿ ಲೆಕ್ಕ ಮಾಡಿ. ಮೂರು ವರ್ಷದಲ್ಲೇ ದುಡ್ಡು ವಾಪಸ್ ಎನ್ನುವ ಏಜೆಂಟರು ಬಂದರೆ, ಅವರ ಲೆಕ್ಕವನ್ನು ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು. ಬಹಳ ಮಂದಿ ಅಲ್ಲಿಗೇ ತಣ್ಣಗಾಗುತ್ತಾರೆ.

ಒಡೆತನ ನಿಜವಾಗಿ ನಿಲ್ಲುವುದು ಬೈಲಾ ಮತ್ತು ಲೆಕ್ಕಪತ್ರದಲ್ಲಿ. ಸಂಘದ ನೋಂದಾಯಿತ ಉದ್ದೇಶಗಳಲ್ಲಿ ವಿದ್ಯುತ್ ಉತ್ಪಾದನೆಗೆ ಅವಕಾಶವಿದೆಯೇ ಎಂಬುದನ್ನು ಮೊದಲು ನೋಡಿ. ಇಲ್ಲದಿದ್ದರೆ ಮಹಾಸಭೆಯಲ್ಲಿ ತಿದ್ದುಪಡಿ ಅಂಗೀಕರಿಸಿ ಸಹಕಾರ ಸಂಘಗಳ ನಿಬಂಧಕರಲ್ಲಿ ನೋಂದಾಯಿಸಬೇಕು. ಹೆಚ್ಚುವರಿ ಷೇರಿನ ಮುಖಬೆಲೆಯನ್ನು ಒಂದೇ ಹಸು ಕಟ್ಟಿದವರೂ ಕೊಳ್ಳುವಷ್ಟು ಚಿಕ್ಕದಾಗಿಟ್ಟು, ಹಾಲಿನ ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮುರಿದುಕೊಳ್ಳುವ ಏರ್ಪಾಡು ಮಾಡಿದರೆ, ಕೈಯಲ್ಲಿ ಒಮ್ಮೆಗೇ ದುಡ್ಡಿಲ್ಲದ ಹೆಂಗಸರು ಹೊರಗುಳಿಯುವುದಿಲ್ಲ. ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಓಟು ಎಂಬ ಸಹಕಾರ ತತ್ವವನ್ನು ಸಭೆಯಲ್ಲಿ ಮತ್ತೊಮ್ಮೆ ಓದಿ ಹೇಳಿ. ಉಳಿತಾಯದ ಹಣ ಎಲ್ಲಿಗೆ ಹೋಗಬೇಕು ಎಂಬುದನ್ನು ಪ್ಯಾನೆಲ್ ಏರುವ ಮುಂಚೆಯೇ ಠರಾವಿನಲ್ಲಿ ಬರೆಯಬೇಕು: ಮೊದಲು ಸಾಲದ ಕಂತು, ಆಮೇಲೆ ಇನ್‌ವರ್ಟರ್ ಬದಲಿಸಲು ಬೇಕಾಗುವ ನಿಧಿ, ಅನಂತರ ಲೀಟರಿಗೆ ಬೋನಸ್ಸೋ ಪಶು ಆಹಾರದ ರಿಯಾಯಿತಿಯೋ ಏನೆಂದು ಸದಸ್ಯರೇ ನಿರ್ಧರಿಸಲಿ. ಹಣ ಕೈಗೆ ಬಂದ ಮೇಲೆ ಶುರುವಾಗುವ ಚರ್ಚೆ ಚುನಾವಣೆಯ ಬಣ ರಾಜಕೀಯಕ್ಕೆ ತಿರುಗುವುದು ಸಹಕಾರಿ ಕ್ಷೇತ್ರ ಬಲ್ಲವರಿಗೆ ಗೊತ್ತಿರುವ ಸಂಗತಿ.

ಕೊಟೇಶನ್ ಮೂರಾದರೂ ಇರಲಿ. ಐದು ವರ್ಷದ ನಿರ್ವಹಣೆ ಒಪ್ಪಂದದಲ್ಲೇ ಸೇರಿರಲಿ, ವರ್ಷಕ್ಕೆ ಕನಿಷ್ಠ ಇಷ್ಟು ಯೂನಿಟ್ ಬರಬೇಕೆಂಬ ಷರತ್ತೂ ಇರಲಿ. ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ 25 ವರ್ಷದ ವಾರಂಟಿ ಇರುತ್ತದೆ, ಆದರೆ ಇನ್‌ವರ್ಟರ್ ಹತ್ತು ಹನ್ನೆರಡು ವರ್ಷಕ್ಕೆ ಬದಲಾಗಬೇಕಾದೀತು. ಮೊದಲ ವರ್ಷದಿಂದಲೇ ಅದಕ್ಕೆಂದು ಬೇರೆ ಖಾತೆಯಲ್ಲಿ ಹಣ ತೆಗೆದಿಡಿ. ಪ್ಯಾನೆಲ್ಲಿನ ಧೂಳನ್ನು ಬೆಳಿಗ್ಗೆ ಗಾಜು ಕಾಯುವ ಮೊದಲೇ ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರು ಹಾಕಿ ಹಾಗೆಯೇ ಆರಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ನೀರನ್ನು ವೈಪರ್‌ನಿಂದ ಎಳೆದುಬಿಡಬೇಕು, ಅಥವಾ ಮಳೆನೀರು ಹಿಡಿದಿಟ್ಟುಕೊಳ್ಳಬೇಕು. ಇನ್‌ವರ್ಟರ್ ತೋರಿಸುವ ಯೂನಿಟ್‌ಗಳನ್ನು ಸಂಘದ ಕಾರ್ಯದರ್ಶಿ ಪ್ರತಿದಿನ ಹಾಲಿನ ಲೆಕ್ಕದ ಪಕ್ಕದಲ್ಲೇ ಬೋರ್ಡಿನ ಮೇಲೆ ಬರೆದರೆ, ಒಂದು ಸಾಲಿನ ಪ್ಯಾನೆಲ್ ಕೈಕೊಟ್ಟರೂ ವಾರದೊಳಗೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಒಂದೆರಡು ವರ್ಷ ಇದು ಸರಿಯಾಗಿ ನಡೆದರೆ ದೊಡ್ಡ ಘಟಕದ ಮಾತಿಗೆ ಅರ್ಥ ಬರುತ್ತದೆ. ರೈತರ ಸೌರ ವಿದ್ಯುತ್ತಿಗೆಂದು ಕೇಂದ್ರ ಸರ್ಕಾರ ತಂದ ಪಿಎಂ ಕುಸುಮ್ ಯೋಜನೆಯ ಎ ವಿಭಾಗ 500 ಕಿಲೋವ್ಯಾಟ್‌ನಿಂದ 2 ಮೆಗಾವ್ಯಾಟ್‌ವರೆಗಿನ ಘಟಕಗಳನ್ನು ರೈತರು, ಸಹಕಾರ ಸಂಘಗಳು, ಪಂಚಾಯತಿಗಳು, ರೈತ ಉತ್ಪಾದಕ ಸಂಸ್ಥೆಗಳು ಕಟ್ಟಲು ರೂಪಿಸಿದ್ದು. ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಬೇಕಾಗುತ್ತದೆ. ಇನ್ನೊಂದು ದಾರಿ ಸ್ವಂತ ಬಳಕೆಯ ಉತ್ಪಾದನೆ: 2005ರ ವಿದ್ಯುಚ್ಛಕ್ತಿ ನಿಯಮಗಳ ಪ್ರಕಾರ ಬಳಕೆದಾರರು ಕನಿಷ್ಠ ಶೇಕಡಾ 26ರಷ್ಟು ಒಡೆತನ ಹೊಂದಿ ವಾರ್ಷಿಕ ಉತ್ಪಾದನೆಯಲ್ಲಿ ಕನಿಷ್ಠ ಶೇಕಡಾ 51ರಷ್ಟನ್ನು ತಾವೇ ಬಳಸಬೇಕು, ಸಹಕಾರ ಸಂಘವಾದರೆ ಸದಸ್ಯರೆಲ್ಲರೂ ಸೇರಿ ಈ ಷರತ್ತು ಪೂರೈಸಬಹುದು. ಎರಡರಲ್ಲಿ ಯಾವುದನ್ನು ಹಿಡಿದರೂ ಜಮೀನಿಗೆ ಮುಂಗಡ ಕೊಡುವ ಮೊದಲು ಹತ್ತಿರದ ಸಬ್‌ಸ್ಟೇಷನ್ನಿನಲ್ಲಿ ಅಷ್ಟು ವಿದ್ಯುತ್ ಹೊರಲು ಸಾಮರ್ಥ್ಯ ಉಳಿದಿದೆಯೇ ಎಂಬುದನ್ನು ನಿಮ್ಮ ಭಾಗದ ವಿದ್ಯುತ್ ವಿತರಣಾ ಕಂಪನಿಯಾದ ಎಸ್ಕಾಂನಿಂದ ಲಿಖಿತವಾಗಿ ತರಿಸಿಕೊಳ್ಳಿ.