ಹಳೆಯ ರೇಂಜ್‌ಫೈಂಡರ್‌ಗೆ ಮರುಬಳಕೆಯ ಕ್ಯಾಸೆಟ್: ಒಂದು ಸಲಹೆ

ಹಳೆಯ ಲೈಕಾ ಅಥವಾ ಕಿಯೆವ್‌ನಂಥ ರೇಂಜ್‌ಫೈಂಡರ್ (ಪ್ರತ್ಯೇಕ ಕಿಂಡಿಯಲ್ಲಿ ನೋಡಿ ದೂರ ಹೊಂದಿಸುವ) ಫಿಲ್ಮ್ ಕ್ಯಾಮೆರಾ ಬಳಸುವ ಮಿತ್ರರು ಅವುಗಳ ಹಿತ್ತಾಳೆಯ ಕ್ಯಾಸೆಟ್‌ಗಳನ್ನು, ಎಂದರೆ ಮತ್ತೆ ಮತ್ತೆ ಫಿಲ್ಮ್ ತುಂಬಿ ಬಳಸುವ ಡಬ್ಬಿಗಳನ್ನು, ಒಮ್ಮೆ ಪ್ರಯತ್ನಿಸಿ ನೋಡಬೇಕೆಂದು ನನ್ನ ವಿನಂತಿ. ಸಾಮಾನ್ಯ ಡಬ್ಬಿಯಲ್ಲಿ ಫಿಲ್ಮ್ ಮಖಮಲ್ಲಿನ ಸೀಳಿನ ಮೂಲಕ ಉಜ್ಜಿಕೊಂಡೇ ಹೊರಬರುವುದರಿಂದ, ಅಲ್ಲಿ ಒಂದು ಕಣ ಧೂಳು ಕುಳಿತರೂ ನೆಗೆಟಿವ್‌ನ ಉದ್ದಕ್ಕೂ ಗೀರು ಬೀಳುತ್ತದೆ. ಇವುಗಳಲ್ಲಾದರೋ ಒಂದರೊಳಗೊಂದು ತಿರುಗುವ ಎರಡು ಕೊಳವೆಗಳಿದ್ದು, ಕ್ಯಾಮೆರಾದ ತಳದ ಕೀಲಿಯನ್ನು ತಿರುಗಿಸಿ ಮುಚ್ಚಿದೊಡನೆ ಬಾಯಿ ಅಗಲವಾಗಿ ತೆರೆದು, ಫಿಲ್ಮ್ ಏನನ್ನೂ ತಾಕದೆ ಸಾಗುತ್ತದೆ. ಹಳೆಯ ಜರ್ಮನ್ ತಳಮುಚ್ಚಳಗಳ ಮೇಲೆ ‘ಔಫ್’, ‘ತ್ಸು’ ಎಂದು ಕೆತ್ತಿರುವುದು ಈ ಕೀಲಿಯ ತೆರೆ-ಮುಚ್ಚು ಗುರುತೇ.

30.5 ಮೀಟರಿನ ಫಿಲ್ಮ್ ಸುರುಳಿಯಿಂದ 36 ಚಿತ್ರಗಳ ಸುಮಾರು 18 ಕ್ಯಾಸೆಟ್ ತುಂಬಬಹುದು. ತುಂಬುವ ಕೆಲಸ ಮಾತ್ರ ಪೂರ್ಣ ಕತ್ತಲಲ್ಲೇ ಆಗಬೇಕು. ಲೈಕಾದ ಕ್ಯಾಸೆಟ್‌ಗೆ ಹೊರಮೈಯಲ್ಲಿ ಸಣ್ಣ ಸ್ಪ್ರಿಂಗ್ ಕೊಕ್ಕೆಯೊಂದಿದೆ. ಅದು ‘ಟಕ್’ ಎಂದು ಕೂತಿದೆಯೇ ಎಂದು ಬೆರಳಿನಿಂದ ತಡವಿ ಖಚಿತಪಡಿಸಿಕೊಳ್ಳದ ಕಾರಣ, ಚೀಲದೊಳಗೇ ಬಾಯಿ ತೆರೆದು ನನ್ನ ಒಂದು ಇಡೀ ರೋಲು ಬೆಳಕಿಗೆ ಬಲಿಯಾಯಿತು. ತಗ್ಗು ಬಿದ್ದ ಕ್ಯಾಸೆಟ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ, ಒಳಕೊಳವೆ ಸಿಕ್ಕಿಕೊಳ್ಳುತ್ತದೆ. ಲೈಕಾದ ಕ್ಯಾಸೆಟ್ ಕಿಯೆವ್‌ಗೆ ಹೊಂದೀತೆಂದು ಭಾವಿಸದೆ, ಆಯಾ ಮಾದರಿಯದನ್ನೇ ಹುಡುಕಿರಿ. ಕೀಲಿಯಿಲ್ಲದ ಕ್ಯಾಮೆರಾದಲ್ಲಿ ಇವುಗಳ ಬಾಯಿ ತೆರೆಯುವುದೇ ಇಲ್ಲವಾದ್ದರಿಂದ, ಅಲ್ಲಿ ಮಖಮಲ್ಲಿನ ಡಬ್ಬಿಯೇ ಸರಿ.