ಮೂರು ಕಡೆಯ ಪುಳಿಯೋಗರೆ, ಒಂದೇ ಹುಣಸೆಹಣ್ಣು

ಮೇಲುಕೋಟೆ ಬಗೆಯ ಪುಳಿಯೋಗರೆ, ತಮಿಳುನಾಡಿನ ಪುಳಿಯೋದರೈ, ಆಂಧ್ರದ ಪುಳಿಹೋರ. ಮೂರನ್ನೂ ಮನೆಯಲ್ಲಿ ಆಗಾಗ ಮಾಡುತ್ತಿರುತ್ತೇನೆ. ವ್ಯತ್ಯಾಸ ಎಲ್ಲಾ ಪುಡಿಯಲ್ಲಿದೆ ಅಂತ ತುಂಬಾ ಜನ ಹೇಳುತ್ತಾರೆ. ಪುಡಿ ಮುಖ್ಯ, ನಿಜ. ಆದರೆ ಮಾಡುತ್ತಾ ಮಾಡುತ್ತಾ ನನಗೆ ಗೊತ್ತಾಗಿದ್ದು, ಹುಣಸೆ ರಸ ಎಷ್ಟು ಹೊತ್ತು ಕುದಿಯಿತು ಅನ್ನುವುದೇ ಅದಕ್ಕಿಂತ ದೊಡ್ಡದು.

ಮೇಲುಕೋಟೆ ಬಗೆಯದಕ್ಕೆ ಹಳೆ ಹುಣಸೆಹಣ್ಣೇ ಬೇಕು. ಕಪ್ಪಗಿರುತ್ತದಲ್ಲ, ಅದು. ಒಂದು ಪಾವು ಅಕ್ಕಿಗೆ ದೊಡ್ಡ ನಿಂಬೆಹಣ್ಣಿನ ಗಾತ್ರದಷ್ಟು ಸಾಕು. ಬಿಸಿನೀರಲ್ಲಿ ನೆನೆಸಿ ಗಟ್ಟಿ ರಸ ತೆಗೆಯುತ್ತೇನೆ. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ರಸ ಸುರಿದು ಉಪ್ಪು, ಅರಿಸಿನ, ಬೆಲ್ಲ ಹಾಕುತ್ತೇನೆ. ಇಲ್ಲಿಂದ ಮುಂದೆ ಅವಸರ ಮಾಡಬಾರದು. ಮೊದಲು ನೊರೆ ನೊರೆಯಾಗಿ ಕುದಿಯುತ್ತದೆ. ಹಸಿ ವಾಸನೆ ಮೂಗಿಗೆ ಹೊಡೆಯುತ್ತಿರುತ್ತದೆ. ಆಮೇಲೆ ಗುಳ್ಳೆ ದಪ್ಪಗಾಗಿ ಪಟಪಟ ಸಿಡಿಯಲು ಶುರುವಾಗುತ್ತದೆ. ಆಗ ಉರಿ ಸಣ್ಣ ಮಾಡಿ ಪುಡಿ ಹಾಕುತ್ತೇನೆ. ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಕಾಳುಮೆಣಸು, ಚೂರು ಮೆಂತ್ಯ, ಎಲ್ಲಾ ಹುರಿದು ಮಾಡಿದ್ದು. ಕೈಯಾಡಿಸುತ್ತಾ ಇದ್ದರೆ ಗೊಜ್ಜು ತಳ ಬಿಟ್ಟು, ಅಂಚಿನಲ್ಲಿ ಎಣ್ಣೆ ತೇಲುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಹುಳಿಯ ಚುರುಕು ತಗ್ಗಿ ಬೆಲ್ಲ, ಕಾಳುಮೆಣಸಿನ ಜೊತೆ ಬೆರೆತಿರುತ್ತದೆ.

ಹುರಿದ ಎಳ್ಳಿನ ಪುಡಿ, ಕೊಬ್ಬರಿ ತುರಿಯನ್ನು ಮಾತ್ರ ನಾನು ಗೊಜ್ಜಿಗೆ ಹಾಕುವುದಿಲ್ಲ, ಅನ್ನ ಕಲಸುವಾಗ ಹಾಕುತ್ತೇನೆ. ಗೊಜ್ಜನ್ನು ಎತ್ತಿಟ್ಟರೆ ಕೊಬ್ಬರಿ ಕಮಟು ವಾಸನೆ ಬರುತ್ತದೆ, ಅದಕ್ಕೆ.

ತಮಿಳು ಬಗೆಯದರಲ್ಲೂ ರಸ ಹೀಗೇ ಎಣ್ಣೆ ಬಿಡುವ ತನಕ ಕುದಿಯಬೇಕು. ಎಳ್ಳೆಣ್ಣೆಯೇ ಆಗಬೇಕು, ಕೈ ಹಿಡಿಯದೆ ಹಾಕಬೇಕು. ಪುಡಿಗೆ ಕಡಲೆಬೇಳೆ ಸೇರುತ್ತದೆ. ಕೊಬ್ಬರಿ ಹಾಕುವುದಿಲ್ಲ, ಬೆಲ್ಲ ಹೆಸರಿಗೆ ಒಂದು ಚೂರು. ಹಾಗಾಗಿ ಹುಳಿ, ಖಾರ ಎದ್ದು ಕಾಣುತ್ತವೆ.

ಪುಳಿಹೋರದ ದಾರಿಯೇ ಬೇರೆ. ಪುಡಿಯ ಹಂಗೇ ಇಲ್ಲ. ಬಿಸಿ ಅನ್ನವನ್ನು ಹರಿವಾಣಕ್ಕೆ ಹರಡಿ, ಅರಿಸಿನ, ಎಣ್ಣೆ, ಹಸಿ ಕರಿಬೇವು ಹಾಕಿ ಬಿಡುತ್ತೇನೆ. ಅನ್ನದ ಬಿಸಿಗೇ ಕರಿಬೇವು ಬಾಡಿ ಘಮ್ ಅನ್ನುತ್ತದೆ. ಹುಣಸೆ ರಸಕ್ಕೆ ಸೀಳಿದ ಹಸಿಮೆಣಸಿನಕಾಯಿ ಹಾಕಿ, ಹಸಿ ವಾಸನೆ ಹೋಗಿ ತುಸು ಗಟ್ಟಿಯಾದರೆ ಇಳಿಸುತ್ತೇನೆ. ಹುಳಿ ತಾಜಾ ಇರುತ್ತದೆ, ಅನ್ನ ಹಳದಿಯಾಗೇ ಉಳಿಯುತ್ತದೆ. ಸಾಸಿವೆ ಅರೆದು ಹಾಕುವುದೂ ಉಂಟು. ಅದನ್ನು ಅನ್ನ ಆರಿದ ಮೇಲೇ ಕಲಸಬೇಕು, ಬಿಸಿಗೆ ಹಾಕಿದರೆ ಆ ಘಾಟು ಹಾರಿಹೋಗುತ್ತದೆ. ಹಬ್ಬದ ಬೆಳಿಗ್ಗೆ ನೈವೇದ್ಯಕ್ಕೆ ನನಗೆ ಇದೇ ಇಷ್ಟ. ಬೇಗ ಆಗುತ್ತದೆ, ಬಾಯಿಗೆ ಹಗುರ. ಆದರೆ ಅವತ್ತೇ ಮುಗಿಸಬೇಕು. ದೂರದ ಪ್ರಯಾಣಕ್ಕೆ ಕಟ್ಟಿಕೊಳ್ಳುವುದಾದರೆ ಚೆನ್ನಾಗಿ ಕುದಿಸಿದ ಗೊಜ್ಜಿನದ್ದೇ ಸರಿ.

ಮೂರಕ್ಕೂ ಅನ್ನ ಉದುರುದುರಾಗಿರಬೇಕು. ಹಳೆ ಸೋನಾ ಮಸೂರಿಗೆ ನೀರು ಸ್ವಲ್ಪ ಕಮ್ಮಿ ಇಡುತ್ತೇನೆ. ಗೊಜ್ಜನ್ನು ಬರೀ ನಾಲಿಗೆಗೆ ಇಟ್ಟುಕೊಂಡರೆ ಉಪ್ಪು ಜಾಸ್ತಿ ಅನ್ನಿಸಬೇಕು, ಆಗಲೇ ಅನ್ನಕ್ಕೆ ಸರಿಹೋಗುವುದು. ಕಲಸಿದ ತಕ್ಷಣ ಬಡಿಸಬೇಡಿ. ಒಂದೆರಡು ಗಂಟೆ ಮುಚ್ಚಿಟ್ಟರೆ ಹುಳಿ ಅಗುಳಿನ ಒಳಗೆ ಇಳಿಯುತ್ತದೆ. ಹುರಿದ ಕಡಲೆಕಾಯಿ ಬೀಜ ಮಾತ್ರ ಬಡಿಸುವ ಹೊತ್ತಿಗೆ ಹಾಕಿ, ಇಲ್ಲದಿದ್ದರೆ ಮೆತ್ತಗಾಗುತ್ತದೆ.