ಭಾರತ ಹುಣ್ಣಿಮೆಗೆ ಕಿಲಿಮಂಜಾರೊ: ನಾವು ತಿಂಗಳು ಆರಿಸಿದ್ದು ಹೀಗೆ

ಬೈಲಹೊಂಗಲದಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಜೂನ್‌ನಲ್ಲಿ ಸೋಯಾಬೀನ್ ಬಿತ್ತನೆ ಶುರುವಾದರೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಅದು ಮುಗಿಯುವಷ್ಟರಲ್ಲಿ ಯೂರಿಯಾಕ್ಕೆ ಪಾಳಿ ಹಚ್ಚುತ್ತಾರೆ. ಉತ್ತರಿ, ಹಸ್ತ ಮಳೆ ಬಿದ್ದವು ಅಂದರೆ ಹಿಂಗಾರಿ ಜೋಳ, ಕಡಲೆ. ಹೀಗಾಗಿ ಸಂಕ್ರಾಂತಿ ಹೊತ್ತಿಗೇ ನನಗೆ ಉಸಿರಾಡುವಷ್ಟು ಸಮಯ ಸಿಗುವುದು.

ತಮ್ಮ ಪುಣೆಯಲ್ಲಿ ಕೆಲಸ ಮಾಡುತ್ತಾನೆ. ಆಫ್ರಿಕಾದ ಕಿಲಿಮಂಜಾರೊ ಬೆಟ್ಟ ಹತ್ತಬೇಕು, ಇಳಿದ ಮೇಲೆ ಅಲ್ಲಿನ ಸೆರೆಂಗೆಟಿ ಕಾಡಿನಲ್ಲಿ ಸಫಾರಿ ಮಾಡಬೇಕು ಅಂತ ನಾವಿಬ್ಬರೂ ಬಹಳ ವರ್ಷಗಳಿಂದ ಮಾತಾಡಿಕೊಂಡಿದ್ದೆವು. ಅಷ್ಟು ದೂರ ಎರಡು ಸಲ ಹೋಗುವ ಶಕ್ತಿ ನಮಗಿಲ್ಲ, ಎರಡನ್ನೂ ಒಂದೇ ಸಲ ಮುಗಿಸಬೇಕಿತ್ತು. ಕೂಡಿಟ್ಟ ದುಡ್ಡು ಸಾಕಾಗುತ್ತದೆ ಅನಿಸಿದ ದಿನ ಅವನಿಂದ ಫೋನ್ ಬಂತು.

"ಅಣ್ಣಾ, ಹೋದರ ಆಗಸ್ಟ್‌ನ್ಯಾಗ ಹೋಗೂಣು. ಆವಾಗ ವೈಲ್ಡಬೀಸ್ಟ್ ನದಿ ದಾಟತಾವು."

"ಆಗಸ್ಟ್‌ನ್ಯಾಗ ಅಂಗಡಿ ಯಾರು ನೋಡ್ತಾರ ತಮ್ಮಾ?"

ವೈಲ್ಡಬೀಸ್ಟ್ ಅಂದರೆ ದನದಂಥ, ಕೊಂಬಿನ ಕಾಡುಪ್ರಾಣಿ. ಅವನು ಟಿವಿಯಲ್ಲಿ ಮೊಸಳೆ, ನದಿ, ಧುಮುಕುವ ಹಿಂಡು ನೋಡಿದ್ದ. ತಪ್ಪೇನಿಲ್ಲ, ಅದನ್ನು ನೋಡಿಯೇ ಎಷ್ಟೋ ಜನ ಆಫ್ರಿಕಾಕ್ಕೆ ಹೋಗುತ್ತಾರೆ. ಈ ನಡುವೆ ಒಬ್ಬ ಏಜೆಂಟ್ ಏಪ್ರಿಲ್‌ನಲ್ಲಿ ಹೋದರೆ ರೇಟ್ ಬಹಳ ಇಳಿಸಿಕೊಡುತ್ತೇನೆ ಅಂದರು. ಆಗ ಮಕ್ಕಳಿಗೆ ಸೂಟಿ ಇರುತ್ತದೆ, ಮನೆಯಲ್ಲೂ ಯಾರ ತಕರಾರು ಬರುವುದಿಲ್ಲ. ಅಡ್ವಾನ್ಸ್ ಕಳಿಸಲು ಬ್ಯಾಂಕ್ ವಿವರ ತೆಗೆದಿಟ್ಟುಕೊಂಡು ಕೂತಿದ್ದೆ. ಅವ್ವ ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದಳು. "ಅಲ್ಲೆ ಮಳಿ ಯಾವಾಗ ಆಗತೈತೋ?" ಅಂದಳು.

ಇಡೀ ವರ್ಷ ರೈತರ ಬಾಯಲ್ಲಿ ಮಳೆಯ ಮಾತೇ ಕೇಳುವವನು ನಾನು. ಆದರೂ ಇದೊಂದನ್ನು ಯಾರಿಗೂ ಕೇಳಿರಲಿಲ್ಲ. ಅಡ್ವಾನ್ಸ್ ಅಲ್ಲಿಗೇ ನಿಲ್ಲಿಸಿದೆ.

ಮಾರನೇ ದಿನದಿಂದ ಓದಲು ಶುರು ಮಾಡಿದೆ. ಕಿಲಿಮಂಜಾರೊ ಇರುವುದು ತಾಂಜಾನಿಯಾದಲ್ಲಿ, ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು 3 ಡಿಗ್ರಿಯಲ್ಲಿ. ಅಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿ ಮೇಲೆ ಹಾದು ಹೋಗುತ್ತಾನೆ. ಮಳೆಯ ಪಟ್ಟಿಯೂ ಅವನ ಹಿಂದೆಯೇ ಬಡಗಿಗೊಮ್ಮೆ, ತೆಂಕಿಗೊಮ್ಮೆ ಸರಿಯುತ್ತದೆ. ಅದಕ್ಕೇ ಅಲ್ಲಿ ಎರಡು ಮಳೆಗಾಲ. ಮಾರ್ಚ್ ಮಧ್ಯದಿಂದ ಮೇ ತನಕ ಸುರಿಯುವ ದೊಡ್ಡ ಮಳೆಗೆ ಸ್ವಾಹಿಲಿಯಲ್ಲಿ 'ಮಸಿಕಾ' ಅಂತಾರೆ. ನವೆಂಬರ್‌ನಿಂದ ಡಿಸೆಂಬರ್ ಮಧ್ಯದವರೆಗೆ ಬರುವ ಸಣ್ಣ ಮಳೆಗೆ 'ವುಲಿ' ಅಂತಾರೆ. ಓದಿದ ಕೂಡಲೇ ನನಗೆ ಅದು ನಮ್ಮ ಮುಂಗಾರಿ, ಹಿಂಗಾರಿ ಇದ್ದ ಹಾಗೆ ಕಂಡಿತು. ತಿಂಗಳು ಬೇರೆ, ಲೆಕ್ಕ ಒಂದೇ.

ಅಂಗಡಿ ಗೋಡೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ಇತ್ತು. ಕೆಂಪು ಪೆನ್ನಿನಲ್ಲಿ ಮಸಿಕಾ, ವುಲಿ ತಿಂಗಳುಗಳನ್ನು ಹೊಡೆದು ಹಾಕಿದೆ. ಏಪ್ರಿಲ್ ಸರಿಯಾಗಿ ಮಸಿಕಾದ ನಡುಮಧ್ಯೆ ಬಂತು. ಬೆಟ್ಟದ ಕೆಳಗಿನ ಕಾಡು ಆ ತಿಂಗಳಲ್ಲಿ ರಾಡಿಯಾಗಿರುತ್ತದೆ, ಮೇಲೆ ಹೊಸ ಹಿಮ ಬೀಳುತ್ತದೆ, ಮೋಡ ಸರಿಯುವುದೇ ಇಲ್ಲ. ರೇಟ್ ಇಳಿಯಲು ಅದೇ ಕಾರಣ. ನಮ್ಮ ಕಡೆ ಮಕ್ಕಳ ಸೂಟಿ ನೋಡಿ ಏಪ್ರಿಲ್, ಮೇ ಆರಿಸುವವರು ಜಾಸ್ತಿ. ಬೆಟ್ಟ ಹತ್ತುವ ಆಸೆ ಇದ್ದರೆ ಆ ಎರಡು ತಿಂಗಳು ದಯವಿಟ್ಟು ಬೇಡ.

ಕೆಂಪು ಹೊಡೆದ ಮೇಲೆ ಉಳಿದದ್ದು ಎರಡು ತುಂಡು. ಒಂದು ಜೂನ್‌ನಿಂದ ಅಕ್ಟೋಬರ್, ಇನ್ನೊಂದು ಜನವರಿಯಿಂದ ಮಾರ್ಚ್ ಮೊದಲ ವಾರ. ಎರಡೂ ಹತ್ತಲು ಚೆನ್ನಾಗಿವೆ. ಜುಲೈ, ಆಗಸ್ಟ್‌ನಲ್ಲಿ ಆಕಾಶ ಶುಭ್ರ, ಒಣ ಹವೆ. ಆದರೆ ಚಳಿ ಹೆಚ್ಚು, ದಾರಿಯಲ್ಲಿ ಜನವೂ ಹೆಚ್ಚು. ಜನವರಿ, ಫೆಬ್ರವರಿಯಲ್ಲಿ ಚಳಿ ಸ್ವಲ್ಪ ಕಡಿಮೆ, ಜನ ಕಡಿಮೆ. ಮಧ್ಯಾಹ್ನದ ಮೇಲೆ ಮೋಡ ಕಟ್ಟಬಹುದು, ಆಗೊಮ್ಮೆ ಈಗೊಮ್ಮೆ ಮಳೆ ಬರಬಹುದು.

ಇಲ್ಲಿಗೆ ಬೆಟ್ಟದ ಲೆಕ್ಕ ಮುಗಿಯಿತು. ಪ್ರಾಣಿಗಳ ಲೆಕ್ಕ ಹಾಕುವಾಗ ನನಗೆ ಹೊಸದೊಂದು ತಿಳಿಯಿತು. ಸೆರೆಂಗೆಟಿಯ ಹಿಂಡು ವರ್ಷವಿಡೀ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಸುಮಾರು 13 ಲಕ್ಷ ವೈಲ್ಡಬೀಸ್ಟ್, ಜೊತೆಗೆ ಜೀಬ್ರಾಗಳು ಹಸಿರು ಹುಲ್ಲು ಹುಡುಕುತ್ತ ಸುತ್ತು ಹಾಕುತ್ತವೆ. ಜೂನ್ ಹೊತ್ತಿಗೆ ಪಶ್ಚಿಮದ ಗ್ರುಮೆಟಿ ನದಿಯ ಕಡೆ. ಜುಲೈ ಕೊನೆಯಿಂದ ಅಕ್ಟೋಬರ್ ತನಕ ಉತ್ತರದ ಮಾರಾ ನದಿಯ ದಂಡೆಯಲ್ಲಿ. ಜನವರಿಯಿಂದ ಮಾರ್ಚ್‌ಗೆ ದಕ್ಷಿಣದ ಎಂಡುಟು ಬಯಲಿನಲ್ಲಿ ಕರು ಹಾಕುತ್ತವೆ. ಅಂದರೆ ತಿಂಗಳನ್ನು ಬೆಟ್ಟ ನೋಡಿ ಆರಿಸಬೇಕು, ಆ ತಿಂಗಳಿಗೆ ತಕ್ಕ ಕಾಡನ್ನು ಆಮೇಲೆ ಆರಿಸಬೇಕು. ಬೆಟ್ಟಕ್ಕೆ ಕಾಲಿಲ್ಲ, ಹಿಂಡಿಗೆ ಕಾಲಿದೆ. ತಮ್ಮನಿಗೆ ಹೀಗೆ ಹೇಳಿದೆ. ಅರ್ಧ ದಿನ ಮುನಿಸಿಕೊಂಡ, ಸಂಜೆಗೆ "ಆತು, ಫೆಬ್ರವರಿ" ಅಂದ.

ಫೆಬ್ರವರಿಯಲ್ಲಿ ಯಾವ ದಿನ ಅನ್ನುವುದನ್ನು ಅದೇ ಕ್ಯಾಲೆಂಡರ್ ಹೇಳಿತು. ಕಿಲಿಮಂಜಾರೊದ ತುದಿಗೆ ರಾತ್ರಿ 12ರ ಸುಮಾರಿಗೆ ಹೊರಡುತ್ತಾರೆ, ಬೆಳಗಾಗುವಾಗ ಮೇಲಿರಬೇಕು. ಬೆಳದಿಂಗಳು ಇದ್ದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಇದರಲ್ಲೂ ಒಂದು ಸೂಕ್ಷ್ಮ ಇದೆ. ಹುಣ್ಣಿಮೆಗೆ ಎರಡು ಮೂರು ದಿನ ಮೊದಲಾದರೆ ಚಂದ್ರ ಬೆಳಗಿನ ಜಾವ ಮುಳುಗಿಬಿಡುತ್ತಾನೆ, ಚಳಿ ಹೆಚ್ಚಿರುವ ಹೊತ್ತಿಗೇ ಕತ್ತಲೆ. ಹುಣ್ಣಿಮೆಯ ರಾತ್ರಿ ಅಥವಾ ಅದರ ಮರುದಿನ, ಮೂರನೇ ದಿನವಾದರೆ ಸೂರ್ಯ ಹುಟ್ಟುವ ತನಕ ಬೆಳಕು ಇರುತ್ತದೆ. ಕ್ಯಾಲೆಂಡರ್‌ನಲ್ಲಿ ಭಾರತ ಹುಣ್ಣಿಮೆ ಕಂಡಿತು. ಅವ್ವ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಿನ. ಆ ರಾತ್ರಿಯೇ ನಾವು ತುದಿಗೆ ಹೊರಡಬೇಕು ಅಂತ ಹಿಂದಕ್ಕೆ ಆರು ದಿನ ಎಣಿಸಿ ಟಿಕೆಟ್ ಮಾಡಿಸಿದೆವು.

ತಯಾರಿ ಬಗ್ಗೆ ಬಹಳ ಹೇಳುವುದಿಲ್ಲ. ನಾಲ್ಕು ತಿಂಗಳು ಪ್ರತಿ ರವಿವಾರ ಯಳ್ಳೂರಿನ ರಾಜಹಂಸಗಡ, ಬೆನ್ನಿಗೆ 8 ಕಿಲೋ ಚೀಲ. ಕಾಲು ಗಟ್ಟಿಯಾದವು. ಆದರೆ ನಮ್ಮ ಬೆಳಗಾವಿಯ ಯಾವ ಗುಡ್ಡವೂ ತೆಳು ಗಾಳಿಯ ಅಭ್ಯಾಸ ಮಾಡಿಸುವುದಿಲ್ಲ. ಅದಕ್ಕೇ ಐದು, ಆರು ದಿನದ ಪ್ಯಾಕೇಜ್ ಬಿಟ್ಟು ಮಚಾಮೆ ದಾರಿಯಲ್ಲಿ ಏಳು ದಿನದ್ದು ತೆಗೆದುಕೊಂಡೆವು. ಹೆಚ್ಚಿನ ಒಂದು ದಿನಕ್ಕೆ ಕೊಟ್ಟ ದುಡ್ಡು ಇಡೀ ಪ್ರವಾಸದಲ್ಲೇ ಸಾರ್ಥಕವಾದ ದುಡ್ಡು. ಹಳದಿ ಜ್ವರದ ಲಸಿಕೆ ಹಾಕಿಸುವುದಿದ್ದರೆ ಕೊನೆಗೆ ಇಟ್ಟುಕೊಳ್ಳಬೇಡಿ, ಅದರ ಸರ್ಟಿಫಿಕೇಟ್ ಚಾಲ್ತಿಗೆ ಬರುವುದು ಹಾಕಿಸಿದ 10 ದಿನಕ್ಕೆ. ಪ್ಲಾಸ್ಟಿಕ್ ಕೈಚೀಲಗಳನ್ನೂ ಮನೆಯಲ್ಲೇ ಬಿಡಿ. ತಾಂಜಾನಿಯಾ 2019ರ ಜೂನ್‌ನಲ್ಲೇ ಅವನ್ನು ನಿಷೇಧಿಸಿದೆ.

ಒಣ ತಿಂಗಳು ಅಂತ ಹೋದರೂ ಮೊದಲ ದಿನವೇ ಮಳೆ ಬಂತು. ಮಚಾಮೆ ಗೇಟ್ ಬೆಟ್ಟದ ದಕ್ಷಿಣ ಮಗ್ಗುಲಲ್ಲಿದೆ, ಮೋಡ ತಡೆಯುವ ಮಗ್ಗುಲು ಅದು. ಜಾಂಬೋಟಿ ಕಡೆಯ ಕಾಡಿನ ಹಾಗೆ ದಟ್ಟ, ಮರಗಳಿಗೆಲ್ಲ ಪಾಚಿ. ಒಂದು ತಾಸು ಹನಿ ಹಾಕಿ ನಿಂತಿತು. ನನ್ನ ದಪ್ಪ ಕೈಗವಸು ಚೀಲದ ಹೊರ ಜೇಬಿನಲ್ಲಿದ್ದವು, ತೊಯ್ದು ಹೋದವು. ಅವನ್ನು ಒಣಗಿಸಲು ಮೂರು ದಿನ ಹಿಡಿಯಿತು. ಯಾವ ತಿಂಗಳಲ್ಲಿ ಹೋದರೂ ತುದಿಯ ದಿನದ ಬಟ್ಟೆಯನ್ನು ಮೊದಲ ದಿನವೇ ನೀರು ಹೋಗದ ಚೀಲದಲ್ಲಿ ಕಟ್ಟಿಡಿ. ಉತ್ತರದ ರೊಂಗಾಯ್ ದಾರಿ ಇದಕ್ಕಿಂತ ಒಣ. ಮಳೆಗಾಲದ ಅಂಚಿನಲ್ಲೇ ಹೋಗಬೇಕಾಗಿ ಬಂದವರು ಆ ದಾರಿ ಹಿಡಿಯುವುದು ಒಳ್ಳೆಯದು.

ಮೂರನೇ ದಿನ ಸುಮಾರು 4,600 ಮೀಟರ್ ಎತ್ತರದ ಲಾವಾ ಟವರ್‌ವರೆಗೆ ಹತ್ತಿಸಿ, ಮಲಗಲು ಕೆಳಗೆ ಬರ್ರಾಂಕೋ ಕ್ಯಾಂಪಿಗೆ ಇಳಿಸುತ್ತಾರೆ. ಎತ್ತರಕ್ಕೆ ಹೋಗಿ ತಗ್ಗಿನಲ್ಲಿ ಮಲಗಿದರೆ ಮೈ ಹೊಂದಿಕೊಳ್ಳುತ್ತದೆ. ಮೇಲೆ ತಮ್ಮನಿಗೆ ತಲೆ ಸಿಡಿಯುವಷ್ಟು ನೋವು. ಬರ್ರಾಂಕೋ ತಲುಪಿ ಎರಡು ತಾಸಿಗೆ ತಾನಾಗೇ ಇಳಿಯಿತು. ನಮ್ಮ ಗೈಡ್ ದಿನಕ್ಕೆ ನೂರು ಸಲ "ಪೋಲೆ ಪೋಲೆ ರಫೀಕಿ" ಅನ್ನುತ್ತಿದ್ದರು. ನಿಧಾನ ನಿಧಾನ ಗೆಳೆಯಾ ಅಂತ ಅರ್ಥ. ಯಾರು ಅವಸರ ಮಾಡಿದರೂ ಅವರು ಹೆಜ್ಜೆ ಬದಲಿಸಲಿಲ್ಲ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲಿಯೇ.

ಹುಣ್ಣಿಮೆಯ ರಾತ್ರಿ ಬರಾಫು ಕ್ಯಾಂಪಿನಿಂದ ಹೊರಟೆವು. ಸ್ವಲ್ಪ ಹೊತ್ತಿಗೆ ಗೈಡ್ ತಲೆಗೆ ಕಟ್ಟಿದ ಲೈಟ್ ಆರಿಸಿದರು, ನಾವೂ ಆರಿಸಿದೆವು. ಕಲ್ಲು, ಜಲ್ಲಿ, ಮುಂದಿನವರ ಬೂಟು, ಎಲ್ಲ ನಿಚ್ಚಳ. ಎಡಕ್ಕೆ ನೀರ್ಗಲ್ಲು ಹೊಳೆಯುತ್ತಿತ್ತು. ಗೋಕಾಕದ ಕರದಂಟು ಕಟ್ಟಿಕೊಂಡು ಹೋಗಿದ್ದೆವು. ಹೊರ ಜೇಬಿನಲ್ಲಿಟ್ಟಿದ್ದು ಕಲ್ಲಾಗಿತ್ತು, ಹಲ್ಲು ಇಳಿಯಲಿಲ್ಲ. ತಮ್ಮ ತನ್ನದನ್ನು ಒಳ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ, ಅದು ಮೆತ್ತಗಿತ್ತು. ಅರ್ಧ ಮುರಿದು ನನ್ನ ಬಾಯಿಗೇ ಇಟ್ಟ. ಅಂಟು, ಬೆಲ್ಲ, ಉತ್ತತ್ತಿ. ಅಷ್ಟೆತ್ತರದಲ್ಲಿ ಬೇರೆ ಏನೂ ಸೇರುತ್ತಿರಲಿಲ್ಲ, ಅದು ಸೇರಿತು.

5,756 ಮೀಟರ್‌ನ ಸ್ಟೆಲ್ಲಾ ಪಾಯಿಂಟ್ ಮುಟ್ಟುವಾಗ ಮೂಡಣ ಕೆಂಪಾಗುತ್ತಿತ್ತು, ಚಂದ್ರ ಪಡುವಣದಲ್ಲಿ ಇನ್ನೂ ಇದ್ದ. ಅಲ್ಲಿಂದ ಉಹುರು ತುದಿ, 5,895 ಮೀಟರ್. ಆಫ್ರಿಕಾದಲ್ಲಿ ಅದಕ್ಕಿಂತ ಎತ್ತರ ಇಲ್ಲ. ಗಾಳಿಯಲ್ಲಿ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಸುಮಾರು ಅರ್ಧ. ತಮ್ಮ ಅತ್ತ. ನನಗೂ ಗಂಟಲು ಕಟ್ಟಿತು. ಆ ಹೊತ್ತಿಗೆ ಅವ್ವ ಗುಡ್ಡದಲ್ಲಿ ಎಲ್ಲಮ್ಮನಿಗೆ ನೈವೇದ್ಯದ ಪಡ್ಡಲಗಿ ತುಂಬಿಸಿ ಮುಗಿಸಿರುತ್ತಾಳೆ ಅಂದುಕೊಂಡೆ. ತುದಿಯ ಹಿಮ 1912ರಿಂದ ಈಚೆಗೆ ಐದರಲ್ಲಿ ನಾಲ್ಕು ಪಾಲಿಗಿಂತ ಜಾಸ್ತಿ ಕರಗಿದೆ. ಉಳಿದಿರುವ ತುಂಡುಗಳನ್ನು ಕಣ್ಣಾರೆ ನೋಡುವಾಗ ಸಂಕಟವಾಗುತ್ತದೆ.

ಬೆಟ್ಟ ಮೊದಲು, ಸಫಾರಿ ಆಮೇಲೆ. ಇದರಲ್ಲಿ ನನಗೆ ಎರಡು ಮಾತಿಲ್ಲ. ಇಳಿದ ಮೇಲೆ ತೊಡೆ ಸೆಟೆದು ಮೆಟ್ಟಿಲು ಇಳಿಯುವುದೂ ಕಷ್ಟ. ಜೀಪಿನಲ್ಲಿ ಕೂರುವುದೇ ಆಗ ದೊಡ್ಡ ಸುಖ. ಸಫಾರಿ ಮೊದಲು ಮಾಡಿದರೆ ಮಣ್ಣಿನ ಧೂಳು ತಿಂದು ಕೆಮ್ಮು ಹತ್ತಿಸಿಕೊಂಡು ಬೆಟ್ಟಕ್ಕೆ ಹೋಗಬೇಕಾಗುತ್ತದೆ. ನಡುವೆ ಒಂದು ದಿನ ಖಾಲಿ ಬಿಡಿ. ನಾವು ಅರುಷಾದಲ್ಲಿ ಸುಮ್ನೆ ಮಲಗಿದೆವು.

ಏಜೆಂಟರ ಪಟ್ಟಿಯಲ್ಲಿ ತರಂಗೀರೆ ಅನ್ನುವ ಇನ್ನೊಂದು ಕಾಡೂ ಇತ್ತು. ಅಲ್ಲಿನ ಆನೆಗಳು ಜೂನ್‌ನಿಂದ ಅಕ್ಟೋಬರ್ ತನಕ ಬೇರೆಡೆ ನೀರು ಬತ್ತಿದಾಗ ನದಿಗೆ ಬಂದು ಸೇರುತ್ತವೆ, ಫೆಬ್ರವರಿಯಲ್ಲಿ ಚದುರಿರುತ್ತವೆ. ಅದನ್ನು ತೆಗೆಸಿ ಎಂಡುಟುವಿನಲ್ಲಿ ಮೂರು ರಾತ್ರಿ ಮಾಡಿಸಿದೆ. ಪ್ಯಾಕೇಜ್ ಅಂದರೆ ಎಲ್ಲ ತಿಂಗಳಿಗೂ ಒಂದೇ ಪಟ್ಟಿ ಕೊಡುತ್ತಾರೆ, ಅದನ್ನು ನಾವೇ ಕೂತು ತಿದ್ದಿಸಬೇಕು. ಎಂಗೊರೊಂಗೊರೊ ಅನ್ನುವ ಹಳೆಯ ಜ್ವಾಲಾಮುಖಿಯ ಬಟ್ಟಲು ಮಾತ್ರ ಯಾವ ತಿಂಗಳಿಗೂ ಸರಿ. ಸುಮಾರು 600 ಮೀಟರ್ ಆಳದ ಆ ಬಟ್ಟಲಿನೊಳಗೆ ವರ್ಷವಿಡೀ ಪ್ರಾಣಿಗಳಿರುತ್ತವೆ.

ಎಂಡುಟು ಬಯಲಿಗೆ ಬಂದಾಗ ನಾನು ಮೊದಲು ನೋಡಿದ್ದು ಹುಲ್ಲು. ಗೇಣುದ್ದವೂ ಇಲ್ಲ, ಆದರೆ ಕಡು ಹಸಿರು. ಯಾಕೆ ಅಂತ ಡ್ರೈವರ್ ಬಿಡಿಸಿ ಹೇಳಿದರು. ಅಲ್ಲಿನ ಜ್ವಾಲಾಮುಖಿಗಳ ಬೂದಿ ಸಾವಿರಾರು ವರ್ಷ ಬಿದ್ದು ಆದ ಮಣ್ಣು ಅದು. ಕೆಳಗೆ ಗಟ್ಟಿ ಪದರ ಇರುವುದರಿಂದ ಮರದ ಬೇರು ಇಳಿಯುವುದಿಲ್ಲ, ಹುಲ್ಲಷ್ಟೇ ಬೆಳೆಯುತ್ತದೆ. ಆ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಚೆನ್ನಾಗಿರುತ್ತದೆ. ಹಾಲೂಡುವ ತಾಯಿಗೆ ಬೇಕಾದದ್ದು ಅದೇ. ಜೊತೆಗೆ ಹುಲ್ಲು ಗಿಡ್ಡ ಇರುವುದರಿಂದ ಸಿಂಹ ಅಡಗಿ ಬರುವುದು ಕಷ್ಟ. ರಂಜಕದ ಚೀಲ ಮಾರಿ ಬದುಕುವವನು ನಾನು. ಹಿಂಡು ನೂರಾರು ಮೈಲಿ ನಡೆದು ಈ ಮಣ್ಣಿಗೇ ಬಂದು ಕರು ಹಾಕುತ್ತದೆ ಅಂದಾಗ ಮೈ ಝುಂ ಅಂದಿತು.

ಎರಡನೇ ದಿನ ಬೆಳಿಗ್ಗೆ ಜೀಪ್ ನಿಲ್ಲಿಸಿದರು. ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ತಾಯಿ ಆಗಷ್ಟೇ ಈದಿತ್ತು. ಕರು ಕಂದು ಬಣ್ಣ, ಒದ್ದೆ. ಎದ್ದಿತು, ಮುಂಗಾಲು ಮಡಿಸಿ ಬಿತ್ತು. ಮತ್ತೆ ಎದ್ದಿತು, ಈ ಸಲ ಹಿಂಗಾಲು ಅಗಲವಾಗಿ ಜಾರಿದವು. ನಮ್ಮ ಕೊಟ್ಟಿಗೆಯಲ್ಲಿ ಆಕಳು ಈದಾಗ ಅಪ್ಪ ಕರುವಿಗೆ ಆಸರೆ ಕೊಡುತ್ತಿದ್ದ. ಇಲ್ಲಿ ಆಸರೆ ಕೊಡುವವರಿಲ್ಲ. ತಾಯಿ ನೆಕ್ಕುತ್ತಲೇ ನಾಲ್ಕು ಹೆಜ್ಜೆ ಮುಂದೆ ಹೋಯಿತು, ಕರು ಹಿಂದೆಯೇ ಹೊರಟಿತು. ಗಡಿಯಾರ ನೋಡಿದೆ, ಏಳು ನಿಮಿಷ. ತಮ್ಮ ನನ್ನ ಕೈ ಹಿಡಿದುಕೊಂಡಿದ್ದ. ನದಿ ದಾಟುವುದರ ಮಾತು ಆ ಮೇಲೆ ಅವನು ಎತ್ತಲಿಲ್ಲ.

ಫೆಬ್ರವರಿಯಲ್ಲಿ ರಜೆ ಸಿಗದ ಶಿಕ್ಷಕ ಗೆಳೆಯರು ಕೇಳುತ್ತಾರೆ. ಅವರಿಗೆ ದಸರಾ ಸೂಟಿ ಇದೆ. ಅಕ್ಟೋಬರ್ ಮೊದಲ ಭಾಗಕ್ಕೆ ಬಿದ್ದರೆ ಒಳ್ಳೆಯದೇ, ವುಲಿ ಇನ್ನೂ ಬಂದಿರುವುದಿಲ್ಲ. ಆಗ ಎಂಡುಟು ಬಿಡಿ, ಬಯಲು ಒಣಗಿರುತ್ತದೆ. ತರಂಗೀರೆಗೆ ಹೋಗಿ, ದಿನ ಇದ್ದರೆ ಉತ್ತರ ಸೆರೆಂಗೆಟಿಗೂ ಹೋಗಿ. ದೀಪಾವಳಿ ಮುಗಿಸಿ ನವೆಂಬರ್‌ನಲ್ಲಿ ಹೊರಡುತ್ತೇನೆ ಅನ್ನುವವರಿಗೆ ಬೇಡ ಅಂತಲೇ ಹೇಳುತ್ತೇನೆ.

ತಮ್ಮ ಈಗ ಮುಂದಿನ ಆಗಸ್ಟ್‌ಗೆ ಹೆಂಡತಿ ಜೊತೆ ಮಾರಾ ನದಿಗೆ ಹೊರಟಿದ್ದಾನೆ. ಬೆಟ್ಟ ಇಲ್ಲ, ಸಫಾರಿ ಮಾತ್ರ. ಕೊಗಾಟೆಂಡೆ ಕಡೆ ಮೂರು ರಾತ್ರಿ, ಬರುವಾಗ ತರಂಗೀರೆಯಲ್ಲಿ ಒಂದು ರಾತ್ರಿ ಅಂತ ಬರೆದು ಕಳಿಸಿದ್ದೇನೆ. ಕರದಂಟು ಈ ಸಲ ಎರಡು ಕಿಲೋ ಬೇಕಂತೆ.